ಅವ್ವನಿಗೆ ಹೊಲ, ಅತ್ತೆಗೆ ಜಿಮ್: ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ವ್ಯಾಯಾಮ ಎಲ್ಲಿ, ಹೇಗೆ?

ಪ್ರಶ್ನೆ: ನನ್ನ ಅವ್ವನಿಗೆ 56 ವರ್ಷ. ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ಬಲ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಕಿಮೋ ಆಯಿತು, ಕರೆಂಟ್ (ರೇಡಿಯೇಶನ್) ಕೊಡುವುದು ಮುಗಿದು ಮೂರು ತಿಂಗಳಾಯಿತು. ಈಗ ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ, ಹಾರ್ಮೋನ್ ತಗ್ಗಿಸುವಂಥದ್ದು. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಪಾದ ಜುಮ್ಮೆನ್ನುತ್ತವೆ, ಸದಾ ಸುಸ್ತು. ವ್ಯಾಯಾಮ ಮಾಡು ಅಂದರೆ, ‘ನಂಗ್ಯಾಕ ಬೇಕವಾ, ದಿನಾ ಹೊಲಕ್ಕ ಹೋಗೂದು ಐತಲ್ಲ’ ಅನ್ನುತ್ತಾಳೆ. ಬೆಂಗಳೂರಿನಲ್ಲಿ ನಮ್ಮ ಜೊತೆ ಇರುವ ಅತ್ತೆಗೂ (63) ಇದೇ ಕಾಯಿಲೆ ಬಂದಿತ್ತು, ಎಡಗಡೆ. ಚಿಕಿತ್ಸೆ ಮುಗಿದು ಒಂದು ವರ್ಷ. ಅಪಾರ್ಟ್‌ಮೆಂಟಿನಲ್ಲೇ ಜಿಮ್ ಇದೆ. ಎರಡು ದಿನ ಹೋದರು, ಅಲ್ಲಿನ ಟ್ರೇನರ್ ‘ಏನಾದರೂ ಆದರೆ ನಮ್ಮ ಮೇಲೆ ಬರುತ್ತೆ’ ಅಂದ ಮೇಲೆ ಹೋಗುವುದನ್ನೇ ಬಿಟ್ಟರು. ಇಬ್ಬರಿಗೂ ನಾನು ಏನು ಹೇಳಲಿ? ಹಳ್ಳಿಯಲ್ಲಿ ಇಂಥದ್ದಕ್ಕೆ ಯಾವ ಸೌಲಭ್ಯ ಸಿಗುತ್ತದೆ?

ಉತ್ತರ: ಕ್ಯಾನ್ಸರ್ ಚಿಕಿತ್ಸೆ ಪಡೆದವರ ಪುನರ್ವಸತಿಯಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್ ನಾನು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಅವ್ವನಿಗೆ ಸೌಲಭ್ಯವಿಲ್ಲ, ಅತ್ತೆಗೆ ಇದೆ ಅಂದುಕೊಂಡಿದ್ದೀರಿ. ನನಗೆ ಕಾಣುವುದು ಬೇರೆ. ಇಬ್ಬರಿಗೂ ಇಲ್ಲದಿರುವುದು ಒಂದೇ: ‘ಇದನ್ನು ಮಾಡಿ, ಇಷ್ಟು ಮಾಡಿ, ಇಲ್ಲಿ ನಿಲ್ಲಿಸಿ, ಮುಂದಿನ ತಿಂಗಳು ಹೇಗಿದೆ ಅಂತ ನನಗೆ ತೋರಿಸಿ’ ಎಂದು ಹೇಳುವ ಒಬ್ಬ ಮನುಷ್ಯ. ಆ ಮನುಷ್ಯ ಸಿಕ್ಕರೆ ಅವ್ವನ ಪಡಸಾಲೆಯ ಗೋಡೆ ಸಾಕು. ಸಿಗದಿದ್ದರೆ ಅಪಾರ್ಟ್‌ಮೆಂಟಿನ ಟ್ರೆಡ್‌ಮಿಲ್ ಕೂಡ ಬಟ್ಟೆ ಒಣಹಾಕುವುದಕ್ಕಷ್ಟೇ.

ಇದು ನನ್ನ ಅನಿಸಿಕೆ ಮಾತ್ರವಲ್ಲ. 2025ರಲ್ಲಿ ಪ್ರಕಟವಾದ ‘ಚಾಲೆಂಜ್’ ಎಂಬ ದೊಡ್ಡ ಅಧ್ಯಯನದಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮತ್ತು ಕಿಮೋ ಮುಗಿಸಿದ 889 ಜನರನ್ನು ಎರಡು ಗುಂಪು ಮಾಡಿದ್ದರು. ಹೆಚ್ಚಿನವರು ಕೆನಡಾ, ಆಸ್ಟ್ರೇಲಿಯಾದವರು. ಒಂದು ಗುಂಪಿಗೆ ವ್ಯಾಯಾಮ, ಆಹಾರದ ಬಗ್ಗೆ ಪುಸ್ತಿಕೆ ಕೊಟ್ಟರು. ಇನ್ನೊಂದು ಗುಂಪಿಗೆ ಮೂರು ವರ್ಷ ಒಬ್ಬ ತರಬೇತುದಾರರನ್ನು ಕೊಟ್ಟರು. ಮೊದಲು ಎರಡು ವಾರಕ್ಕೊಮ್ಮೆ ಭೇಟಿ, ಆಮೇಲೆ ತಿಂಗಳಿಗೊಮ್ಮೆ, ದೂರದವರಿಗೆ ಫೋನಿನಲ್ಲಿ. ಎಂಟು ವರ್ಷದ ಹೊತ್ತಿಗೆ ತರಬೇತುದಾರರಿದ್ದ ಗುಂಪಿನಲ್ಲಿ ಶೇ. 90.3ರಷ್ಟು ಜನ ಬದುಕಿದ್ದರು, ಪುಸ್ತಿಕೆಯ ಗುಂಪಿನಲ್ಲಿ ಶೇ. 83.2. ತರಬೇತುದಾರರಿದ್ದ ಗುಂಪಿನಲ್ಲಿ ಬಹುಪಾಲು ಜನ ಮಾಡಿದ್ದು ಬಿರುಸಿನ ನಡಿಗೆ, ಮತ್ತೇನಲ್ಲ. ಇದು ಕರುಳಿನ ಕ್ಯಾನ್ಸರ್‌ನ ಲೆಕ್ಕ, ಸ್ತನದ ಕ್ಯಾನ್ಸರ್‌ಗೆ ಇದೇ ಅಂಕಿ ಹಚ್ಚಬೇಡಿ. ಆದರೆ ಪುಸ್ತಿಕೆಗೂ ಮನುಷ್ಯನಿಗೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಅಧ್ಯಯನ ಇನ್ನೊಂದನ್ನು ನಾನು ಕಂಡಿಲ್ಲ.

ಈಗ ಅವ್ವನ ಮಾತಿಗೆ ಬರೋಣ. ‘ದಿನಾ ಹೊಲಕ್ಕ ಹೋಗೂದು ಐತಲ್ಲ’ ಅನ್ನುವುದನ್ನು ನಾನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. ಅದರಲ್ಲಿ ಅರ್ಧ ನಿಜ ಇದೆ. ಹೊಲಕ್ಕೆ ನಡೆದು ಹೋಗಿ ಬರುವ ದಾರಿ ಖಂಡಿತ ಲೆಕ್ಕಕ್ಕೆ ಬರುತ್ತದೆ. ಆದರೆ ಹತ್ತಿ ಬಿಡಿಸುವ ಕೆಲಸವನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ಸೊಂಟ ಬಾಗಿರುತ್ತದೆ, ಕೈ ಎದೆಯ ಮಟ್ಟದಿಂದ ಕೆಳಗೇ ಆಡುತ್ತದೆ, ಅದೇ ಬೆರಳು ಅದೇ ಚಲನೆ ಮೂರು ನಾಲ್ಕು ತಾಸು. ಸುಸ್ತಾದಾಗ ನಿಲ್ಲಿಸುವುದು ಅವರ ಕೈಯಲ್ಲಿಲ್ಲ, ಸಾಲು ಮುಗಿಯಬೇಕು. ಭುಜ ಪೂರ್ತಿ ಮೇಲೆ ಏಳುವ ಸಂದರ್ಭ ಇಡೀ ದಿನದಲ್ಲಿ ಒಮ್ಮೆಯೂ ಬರುವುದಿಲ್ಲ. ವ್ಯಾಯಾಮ ಎಂದರೆ ಸ್ನಾಯುವಿಗೆ ಅಳತೆ ಮಾಡಿ ಭಾರ ಕೊಡುವುದು, ವಿಶ್ರಾಂತಿ ಕೊಡುವುದು, ಮುಂದಿನ ವಾರ ಸ್ವಲ್ಪ ಏರಿಸುವುದು. ದುಡಿಮೆಯಲ್ಲಿ ಈ ಮೂರೂ ಇಲ್ಲ. ಅದಕ್ಕೇ ದಿನವಿಡೀ ದುಡಿದ ಹೆಂಗಸಿನ ಭುಜ ಗಟ್ಟಿಯಾಗಿ ಕೂತಿರುತ್ತದೆ, ದುಡಿಯದೆ ಕೂತವರ ಭುಜವೂ ಹಾಗೇ ಕೂತಿರುತ್ತದೆ.

ಇನ್ನೊಂದು ಕಡೆಯಿಂದ ಬಂಧು ಬಳಗದವರ ಮಾತು ಇರುತ್ತದೆ: ‘ಆ ಕೈಲಿ ಭಾರ ಎತ್ತಬೇಡ, ಬಾವು ಬರ್ತದ.’ ಕಂಕುಳಿನ ಗ್ರಂಥಿ ತೆಗೆದವರಿಗೆ ಕೈಬಾವು, ಅಂದರೆ ಲಿಂಫೆಡೀಮಾ, ಬರುವ ಸಾಧ್ಯತೆ ಇದೆ ಎಂಬುದು ನಿಜ. ಭಾರ ಎತ್ತಬೇಡಿ ಎಂದೇ ಹಿಂದೆ ವೈದ್ಯರೂ ಹೇಳುತ್ತಿದ್ದರು. ಅದನ್ನು ಪರೀಕ್ಷಿಸಿದ ಅಧ್ಯಯನ 2009ರಲ್ಲಿ ಅಮೆರಿಕದಿಂದ ಬಂತು. ಆಗಲೇ ಕೈಬಾವು ಇದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೆ ಎರಡು ಸಲ, ಅತಿ ಕಡಿಮೆ ತೂಕದಿಂದ ಶುರುಮಾಡಿ ನಿಧಾನ ಏರಿಸುತ್ತಾ ಒಂದು ವರ್ಷ ಭಾರ ಎತ್ತಿಸಿದರು. ಭಾರ ಎತ್ತದವರಿಗಿಂತ ಅವರಲ್ಲಿ ಬಾವು ಹೆಚ್ಚೇನೂ ಆಗಲಿಲ್ಲ. ಬಾವು ಉಲ್ಬಣಗೊಂಡದ್ದು ಭಾರ ಎತ್ತಿದವರಲ್ಲಿ ಶೇ. 14, ಎತ್ತದವರಲ್ಲಿ ಶೇ. 29. ಸ್ನಾಯು ಗಟ್ಟಿಯಾದಷ್ಟೂ ಮನೆಗೆಲಸದ ಭಾರ ಆ ಕೈಗೆ ಹಗುರ ಅನಿಸುತ್ತದೆ. ಹೀಗಿರುವಾಗ ನಾವು ಲಕ್ಷಾಂತರ ಹೆಂಗಸರಿಗೆ ಹೆದರಿಕೆಯೊಂದನ್ನೇ ಕೊಟ್ಟು ಕಳಿಸುತ್ತಿದ್ದೇವಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ.

ಆದರೆ ‘ಭಾರ ಎತ್ತಬಹುದಂತೆ’ ಎಂದು ಅವ್ವ ನಾಳೆಯೇ ತುಂಬಿದ ಕೊಡ ಸೊಂಟಕ್ಕೆ ಏರಿಸಬಾರದು. ತುಂಬಿದ ಕೊಡ 15 ಕೆ.ಜಿ. ಮುಟ್ಟಬಹುದು. ನಾವು ಶುರುಮಾಡುವುದು ಅರ್ಧ ಲೀಟರ್ ನೀರಿನ ಬಾಟಲಿಯಿಂದ, ಅಂದರೆ ಅರ್ಧ ಕೆ.ಜಿ.

ಮೊದಲು ನೀವು ನಾಲ್ಕು ವಿಷಯ ನೋಡಿಕೊಳ್ಳಬೇಕು. ಅವ್ವ ಕೈ ಎತ್ತಿದಾಗ ಕಂಕುಳಿನಿಂದ ಮೊಣಕೈ ಕಡೆಗೆ ಚರ್ಮದಡಿ ದಾರ ಬಿಗಿದಂತೆ ಕಾಣುತ್ತದೆಯೇ? ಆಪರೇಷನ್ ಆದವರಲ್ಲಿ ಇದು ಆಗಾಗ ಕಾಣುತ್ತದೆ, ಹೆದರುವಂಥದ್ದಲ್ಲ, ಆದರೆ ಫಿಸಿಯೋಥೆರಪಿಸ್ಟ್ ಕೈಯಿಂದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಎರಡನೆಯದು ಬಳೆ. ನನ್ನ ಹಳ್ಳಿಯ ರೋಗಿಗಳಿಗೆ ನಾನು ಹೇಳಿಕೊಡುವ ಮೊದಲ ಅಳತೆ ಇದೇ. ಬಲಗೈಯ ಬಳೆ ಮೊದಲಿನಂತೆ ಸರಿದಾಡುತ್ತದೆಯೇ, ಕುಪ್ಪಸದ ತೋಳಿನ ಅಂಚು ಚರ್ಮದ ಮೇಲೆ ಗೆರೆ ಮೂಡಿಸುತ್ತದೆಯೇ? ಸಂಶಯ ಬಂದರೆ ದರ್ಜಿಯ ಟೇಪಿನಲ್ಲಿ ಎರಡೂ ಕೈಗಳನ್ನು ಒಂದೇ ಜಾಗದಲ್ಲಿ ಅಳೆದು ಬರೆದಿಡಿ. ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ವೈದ್ಯರಿಗೆ ತೋರಿಸಿ. ಮೂರನೆಯದು ಪಾದ. ಕೆಲವು ಕಿಮೋ ಔಷಧಿಗಳಿಂದ ಪಾದದ ನರಗಳಿಗೆ ಪೆಟ್ಟಾಗಿರುತ್ತದೆ, ನೆಲದ ಅರಿವು ಕಡಿಮೆಯಾಗಿರುತ್ತದೆ. ಬರಿಗಾಲಲ್ಲಿ ನಡೆಯುವುದು ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು, ರಾತ್ರಿ ಪಾದ ತಿರುಗಿಸಿ ಗಾಯ ಇದೆಯೇ ಎಂದು ನೋಡಬೇಕು. ನಾಲ್ಕನೆಯದು ಫೈಲು. ಅದರಲ್ಲಿ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಇದೆಯೇ, ಮೂಳೆಗೆ ಕಾಯಿಲೆ ಹರಡಿದ ಬಗ್ಗೆ ಏನಾದರೂ ಬರೆದಿದೆಯೇ, ಹಿಮೋಗ್ಲೋಬಿನ್ ಎಷ್ಟು? ಸ್ತನದ ಕ್ಯಾನ್ಸರ್‌ಗೆ ಕೊಡುವ ‘ಕೆಂಪು ಔಷಧಿ’ ಡಾಕ್ಸೊರುಬಿಸಿನ್ ಕೆಲವರ ಹೃದಯದ ಮೇಲೆ ಪರಿಣಾಮ ಬೀರುತ್ತದೆ. ಮೂಳೆಗೆ ಹರಡಿದ್ದರೆ ವ್ಯಾಯಾಮದ ಬಗೆಯೇ ಬೇರೆಯಾಗುತ್ತದೆ, ಮನೆಯಲ್ಲಿ ತಾವಾಗಿ ಶುರುಮಾಡುವಂತಿಲ್ಲ.

ಇವೆಲ್ಲ ಸರಿಯಿದ್ದರೆ, ಅಳತೆ ಹೀಗಿರಲಿ. 2019ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ನೇತೃತ್ವದಲ್ಲಿ ಹಲವು ದೇಶಗಳ ತಜ್ಞರು ಕೂತು ಹೇಳಿದ್ದು: ವಾರಕ್ಕೆ ಮೂರು ದಿನ 30 ನಿಮಿಷ ನಡಿಗೆಯಂಥ ವ್ಯಾಯಾಮ, ಅದರ ಜೊತೆ ಎರಡು ದಿನ ಸ್ನಾಯುಬಲದ ವ್ಯಾಯಾಮ, ಎರಡು ಮೂರು ತಿಂಗಳು ಬಿಡದೆ ಮಾಡಿದರೆ ಸುಸ್ತು, ಆತಂಕ, ಮನಸ್ಸಿನ ಕುಗ್ಗು ಕಡಿಮೆಯಾಗುತ್ತವೆ. ಅವ್ವ ಸದ್ಯ 30 ನಿಮಿಷ ನಡೆಯಲಾರರು, ಅದು ನನಗೂ ಗೊತ್ತು. ಎಂಟು ನಿಮಿಷದಿಂದ ಶುರುವಾಗಲಿ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಉಸಿರು ಸಾಲಬಾರದು. ಬಿರುಸು ಎಂದರೆ ಅಷ್ಟೇ. ವಾರಕ್ಕೆ ಎರಡೆರಡು ನಿಮಿಷ ಏರಿಸಿದರೆ ಮೂರು ತಿಂಗಳಿಗೆ ಅರ್ಧ ಗಂಟೆ ಆಗುತ್ತದೆ.

‘ಇಷ್ಟು ಸುಸ್ತಿರುವವಳನ್ನು ನಡೆಸುವುದೇ?’ ಎಂದು ಮನೆಯವರು ಕೇಳುತ್ತಾರೆ. ಸಾಮಾನ್ಯ ಸುಸ್ತು ಮಲಗಿದರೆ ಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ಮಲಗಿದಷ್ಟೂ ಬೆಳೆಯುತ್ತದೆ, ಏಕೆಂದರೆ ಮಲಗಿದಷ್ಟೂ ಸ್ನಾಯು ಕರಗುತ್ತದೆ, ಕರಗಿದಷ್ಟೂ ಸಣ್ಣ ಕೆಲಸವೂ ದೊಡ್ಡದಾಗುತ್ತದೆ. ರಕ್ತಹೀನತೆ, ಥೈರಾಯ್ಡ್ ಕಾರಣವಲ್ಲ ಎಂದು ಒಮ್ಮೆ ಪರೀಕ್ಷೆ ಮಾಡಿಸಿ. ಆಮೇಲೆ ಈ ಸುಸ್ತಿಗೆ ನಡಿಗೆಯಷ್ಟು ಕೆಲಸ ಮಾಡುವ ಮಾತ್ರೆ ನಮ್ಮ ಬಳಿ ಇಲ್ಲ. ಲೆಟ್ರೋಜೋಲ್ ತೆಗೆದುಕೊಳ್ಳುವವರಿಗೆ ಬೆಳಗ್ಗೆ ಏಳುವಾಗ ಕೀಲು ಹಿಡಿದುಕೊಳ್ಳುತ್ತದೆ, ಮೂಳೆ ಸವೆಯುವುದೂ ಹೆಚ್ಚು. ಅವೆರಡಕ್ಕೂ ನಡಿಗೆ ಮತ್ತು ಭಾರದ ವ್ಯಾಯಾಮ ಒಳ್ಳೆಯದು. ಕೀಲುನೋವಿಗೆ ಬೇಸತ್ತು ಎಷ್ಟೋ ಜನ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ, ಅದು ಆಗಬಾರದು.

ಸ್ನಾಯುಬಲಕ್ಕೆ ಕುರ್ಚಿ ಸಾಕು. ಕೈ ಊರದೆ ಕುರ್ಚಿಯಿಂದ ಎದ್ದು ನಿಂತು, ನಿಧಾನ ಕೂರುವುದು, ಎಂಟು ಸಲ. ಬೀಳುವ ಭಯ ಇದ್ದರೆ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಗೋಡೆಗೆ ಅಂಗೈ ಊರಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು, ಎಂಟು ಸಲ. ನೀರಿನ ಬಾಟಲಿ ಹಿಡಿದು ಮೊಣಕೈ ಮಡಚಿ ಬಿಡಿಸುವುದು, ಎರಡೂ ಕೈಯಲ್ಲಿ. ಎರಡು ವಾರ ಕೈ ಸುಮ್ಮನಿದ್ದರೆ, ಅಂದರೆ ಬಳೆ ಬಿಗಿಯಾಗದೆ, ಭಾರ ಅನಿಸದೆ ಇದ್ದರೆ, ಇನ್ನಷ್ಟು ಏರಿಸಬಹುದು.

ಭುಜದ ವ್ಯಾಯಾಮ ದಿನಾ ಮೂರು ಹೊತ್ತು ಮಾಡಬೇಕು, ಅದು ಹೇಗೆ ಎಂದು ಕೊನೆಯಲ್ಲಿ ಹೇಳುತ್ತೇನೆ. ರೇಡಿಯೇಶನ್ ಮುಗಿದ ಮೇಲೂ ಆ ಜಾಗದ ಚರ್ಮ, ಸ್ನಾಯು ತಿಂಗಳುಗಟ್ಟಲೆ ಬಿಗಿಯುತ್ತಲೇ ಇರುತ್ತವೆ. ಇದು ಹೊರಗೆ ಕಾಣುವುದಿಲ್ಲ. ಹಾಗಾಗಿ ‘ಕೈ ಸರಿಯಾಯಿತು’ ಅನಿಸಿದರೂ ಒಂದು ವರ್ಷವಾದರೂ ಬಿಡಬಾರದು.

ಹೊಲದ ಕೆಲಸವನ್ನು ಬಿಡಿಸಬೇಡಿ, ಅದು ಅವರ ಬದುಕು. ಆದರೆ ಹತ್ತಿಕಾಯಿಯ ಮೊನೆ, ಕುಡುಗೋಲಿನ ಗೀರು, ಮುಳ್ಳು ಇವೆಲ್ಲ ಗ್ರಂಥಿ ತೆಗೆದ ಕೈಗೆ ಭಾರಕ್ಕಿಂತ ದೊಡ್ಡ ಅಪಾಯ. ಆ ಕೈಯಲ್ಲಿ ಸೋಂಕು ಬೇಗ ಹರಡುತ್ತದೆ, ಒಂದು ಸೋಂಕಿನಿಂದ ಜೀವನವಿಡೀ ಬಾವು ಉಳಿಯಬಹುದು. ತುಂಬುತೋಳಿನ ಹಳೇ ಅಂಗಿ, ಕೈಗವಸು ಹಾಕಿಕೊಳ್ಳಲಿ. ಗಾಯವಾದರೆ ಸೋಪು ನೀರಿನಲ್ಲಿ ತೊಳೆಯಲಿ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ.

ಸೌಲಭ್ಯದ ಬಗ್ಗೆ ಕೇಳಿದ್ದೀರಿ. ಕ್ಯಾನ್ಸರ್ ಪುನರ್ವಸತಿಯಲ್ಲಿ ಪಳಗಿದ ಫಿಸಿಯೋಥೆರಪಿಸ್ಟ್‌ಗಳು ಇರುವುದು ಬೆಂಗಳೂರು, ಮಂಗಳೂರು, ಮಣಿಪಾಲದಂಥ ಕಡೆಯ ದೊಡ್ಡ ಆಸ್ಪತ್ರೆಗಳಲ್ಲೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಚಿಕಿತ್ಸೆ ಮುಗಿಸಿ ಬೀದರ್‌ಗೋ ರಾಯಚೂರಿಗೋ ರೈಲು ಹತ್ತುವವರು, ಭುಜ ಬಿಗಿಯುವ ತಿಂಗಳುಗಳನ್ನು ಕಳೆಯುವುದು ಊರಿನಲ್ಲಿ. ಚಿಕಿತ್ಸೆ ಎಲ್ಲಿ ಮುಗಿಯಿತೋ ಅಲ್ಲೇ ಸಲಹೆಯೂ ಮುಗಿದುಹೋಗುತ್ತದೆ. ಆದರೆ ಅವ್ವನಿಗೆ ಬೇಕಾದ ಭುಜದ ವ್ಯಾಯಾಮ ಹೇಳಿಕೊಡಲು ಯಾವ ಫಿಸಿಯೋಥೆರಪಿಸ್ಟ್ ಆದರೂ ಆದೀತು, ಅವರ ಕೈಗೆ ಫೈಲು ಸಿಗಬೇಕು ಅಷ್ಟೇ. ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಅದಕ್ಕೂ ಮೊದಲು ಹಿರೇಕೆರೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಹೆಂಗಸರಿಗೆ ಉಚಿತ. ನನ್ನ ಅನುಭವದಲ್ಲಿ ಫಾಲೋಅಪ್‌ಗೆ ಬರುವವರ ಪಾಲಿಗೆ ಇದು ದೊಡ್ಡ ಬದಲಾವಣೆ. ಮೊದಲು ‘ಬಸ್ಸಿನ ರೊಕ್ಕ’ ಎಂದು ತಪ್ಪಿಸುತ್ತಿದ್ದವರು ಈಗ ತಿಂಗಳಿಗೊಮ್ಮೆ ಬರುತ್ತಾರೆ. ಹತ್ತಿರದಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಇದ್ದರೆ ಅಲ್ಲಿ ಯೋಗ ಹೇಳಿಕೊಡುವುದೂ ಅವರ ಕೆಲಸಗಳಲ್ಲಿ ಒಂದು. ಶಿಕ್ಷಕರಿಗೆ ಆಪರೇಷನ್ ಯಾವ ಕಡೆ ಆಗಿದೆ ಎಂದು ಮೊದಲೇ ಹೇಳಿ, ಅಂಗೈ ಮೇಲೆ ಇಡೀ ಮೈಭಾರ ಬೀಳುವ ಆಸನಗಳನ್ನು ಸದ್ಯಕ್ಕೆ ಬಿಡಿಸಿ.

ಒಂದು ಸಲ ಎದುರಾಎದುರು ಕೂತು ನೋಡಿಸಿಕೊಂಡರೆ, ಆಮೇಲಿನದು ವಿಡಿಯೋ ಕಾಲ್‌ನಲ್ಲಿ ನಡೆಯುತ್ತದೆ. ನನ್ನ ರೋಗಿಗಳಲ್ಲಿ ಹಲವರು ಹೀಗೇ ಮಾಡುತ್ತಾರೆ. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಮೊಮ್ಮಗ ‘ಅಜ್ಜಿ ಕೈ ಕಾಣ್ತಿಲ್ಲ’ ಎನ್ನುತ್ತಾ ಸರಿಮಾಡುತ್ತಾನೆ.

ಹಳ್ಳಿಯಲ್ಲಿ ನಿಜವಾದ ಅಡ್ಡಿ ಬೇರೆ ಇದೆ. ನೀವು ಬರೆದಿಲ್ಲ, ಆದರೆ ನಾನು ಊಹಿಸಬಲ್ಲೆ. ಒಬ್ಬಳೇ ಹೆಂಗಸು ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ ‘ಎಲ್ಲಿಗೆ ಹೊಂಟಿ?’ ಎಂದು ಹತ್ತು ಬಾಯಿ ಕೇಳುತ್ತವೆ. ಆ ಪ್ರಶ್ನೆಯ ಹಿಂದೆಯೇ ಕಾಯಿಲೆಯ ಮಾತೂ ಬರುತ್ತದೆ, ಎದೆಯ ಒಂದು ಕಡೆ ಖಾಲಿಯಿರುವುದರ ಮೇಲೆ ಕಣ್ಣೂ ಬೀಳುತ್ತದೆ. ಹತ್ತಿ ತುಂಬಿದ ಬಟ್ಟೆಯ ಪ್ಯಾಡನ್ನು ಕುಪ್ಪಸದೊಳಗೆ ಹೊಲಿಸಿಕೊಂಡ ಮೇಲೆಯೇ ಮನೆಯಿಂದ ಹೊರಗೆ ಕಾಲಿಟ್ಟವರನ್ನು ನಾನು ನೋಡಿದ್ದೇನೆ. ಅದನ್ನು ದಯವಿಟ್ಟು ಸಣ್ಣ ವಿಷಯ ಅಂದುಕೊಳ್ಳಬೇಡಿ, ದರ್ಜಿಯ ಬಳಿ ನೀವೇ ಕರೆದುಕೊಂಡು ಹೋಗಿ. ಇನ್ನು ನಡೆಯುವುದಕ್ಕೆ ಸಂಘದ ಹೆಂಗಸರನ್ನು ಜೊತೆ ಮಾಡಿ. ಸ್ತ್ರೀಶಕ್ತಿ ಸಂಘವೋ ಧರ್ಮಸ್ಥಳ ಸಂಘವೋ ಇಲ್ಲದ ಊರು ಕಡಿಮೆ. ನಾಲ್ವರು ಸೇರಿ ಊರ ಹೊರಗಿನ ಗುಡಿಯವರೆಗೆ ಹೋಗಿ ಬಂದರೆ ಯಾರೂ ಏನೂ ಕೇಳುವುದಿಲ್ಲ. ಅವರಲ್ಲಿ ಇಬ್ಬರಿಗಾದರೂ ಬಿ.ಪಿ., ಶುಗರ್ ಇದ್ದೇ ಇರುತ್ತದೆ, ಅವರಿಗೂ ನಡಿಗೆ ಬೇಕೇ ಬೇಕು. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮುಗಿಸಲಿ.

ಅತ್ತೆಯ ಕಥೆ ಬೇರೆ. ಆ ಟ್ರೇನರ್ ಮೇಲೆ ನನಗೆ ಸಿಟ್ಟಿಲ್ಲ, ಆತನಿಗೆ ಯಾರೂ ಏನೂ ಕಲಿಸಿಲ್ಲ. ಅತ್ತೆಯ ಕ್ಯಾನ್ಸರ್ ವೈದ್ಯರ (ಆಂಕಾಲಜಿಸ್ಟ್) ಬಳಿ ಒಂದು ಚೀಟಿ ಕೇಳಿ: ಹೃದಯ ಸರಿಯಿದೆ, ಎಡಗೈಗೆ ಅರ್ಧ ಕೆ.ಜಿ.ಯಿಂದ ಶುರು, ಎರಡು ವಾರಕ್ಕೊಮ್ಮೆ ಏರಿಕೆ, ಇಂಥದ್ದಾದರೆ ನಿಲ್ಲಿಸಿ. ಎಡಗಡೆ ರೇಡಿಯೇಶನ್ ಆಗಿದ್ದರೆ, ಅಥವಾ ಹೃದಯದ ಮೇಲೆ ಪರಿಣಾಮ ಬೀರಬಲ್ಲ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಕೊಟ್ಟಿದ್ದರೆ, ಎಕೋ ನೋಡದೆ ಆ ಚೀಟಿ ಬರೆಸಬೇಡಿ. ಚೀಟಿ ಕೈಗೆ ಬಂದರೆ ಟ್ರೇನರ್‌ಗೂ ಧೈರ್ಯ, ಅತ್ತೆಗೂ ಮರ್ಯಾದೆ. ಮೊದಲ ಹದಿನೈದು ದಿನ ನೀವೂ ಜೊತೆಗೆ ಇಳಿಯಿರಿ. ನಗರದಲ್ಲಿ ವಯಸ್ಸಾದವರನ್ನು ಮನೆಯಲ್ಲೇ ಕೂರಿಸುವುದು ಅವರ ಒಂಟಿತನ, ಜೊತೆಗೆ ಒಡೆದ ಫುಟ್‌ಪಾತ್ ಮತ್ತು ಬೀದಿನಾಯಿಗಳ ಭಯ.

ನಗರದವರೆಲ್ಲ ಅತ್ತೆಯಂತೆ ಇಲ್ಲ ಎಂಬುದನ್ನೂ ಹೇಳಬೇಕು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬರು ನನ್ನ ಬಳಿ ಬರುತ್ತಿದ್ದರು. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ವಾಪಸ್, ಒಂದೇ ಕೋಣೆಯ ಮನೆಯಲ್ಲಿ ನಾಲ್ಕು ಜನ. ಕಬ್ಬನ್ ಪಾರ್ಕು ಅವರಿಗೆ ಹಿರೇಕೆರೂರಿನಷ್ಟೇ ದೂರ. ಊಟದ ವಿರಾಮದಲ್ಲಿ ಹತ್ತು ನಿಮಿಷ ಶೆಡ್ಡಿನ ಸುತ್ತ ನಡಿಗೆ, ಹೊಲಿಗೆ ಯಂತ್ರದ ಮುಂದೆ ಗಂಟೆಗೊಮ್ಮೆ ಭುಜ ತಿರುಗಿಸುವುದು, ಮನೆಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಎದೆ ಹಿಗ್ಗಿಸುವುದು. ಅವರಿಗೆ ನಾವು ಬರೆದುಕೊಟ್ಟದ್ದು ಇಷ್ಟೇ. ನಾಲ್ಕು ತಿಂಗಳಿಗೆ ಎರಡೂ ಕೈಯೆತ್ತಿ ತಲೆ ಬಾಚಿಕೊಂಡು ಬಂದಿದ್ದರು.

ಇದನ್ನು ಓದುವ ಗಂಡಸರಿಗೂ ಒಂದು ಮಾತು. ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಆಗಿ ಕುತ್ತಿಗೆಯ ಗ್ರಂಥಿ ತೆಗೆಸಿಕೊಂಡವರಲ್ಲಿ ಭುಜ ಜೋತು ಬೀಳುವುದು, ಬಾಯಿ ತೆರೆಯಲಾಗದಿರುವುದು ಸಾಮಾನ್ಯ. ಇವೆರಡಕ್ಕೂ ಬೇರೆಯೇ ವ್ಯಾಯಾಮಗಳಿವೆ. ತಡಮಾಡಿದಷ್ಟೂ ಕಷ್ಟ, ಮೊದಲ ತಿಂಗಳುಗಳಲ್ಲೇ ಕೇಳಿ.

ವ್ಯಾಯಾಮದ ನಡುವೆ ಎದೆನೋವು, ತಲೆಸುತ್ತು, ಎಂದೂ ಇಲ್ಲದ ಏದುಸಿರು ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಬೆನ್ನಲ್ಲೋ ಸೊಂಟದಲ್ಲೋ ರಾತ್ರಿಯೂ ಬಿಡದ ಹೊಸ ನೋವು ಶುರುವಾದರೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಇದ್ದ ದಿನ ವ್ಯಾಯಾಮ ಬೇಡ.

ಮುಂದಿನ ತಪಾಸಣೆಗೆ ಅವ್ವನ ಜೊತೆ ನೀವೂ ಹೋಗಿ. ಮಾತ್ರೆ ಬರೆಯುವ ಕಾಗದದಲ್ಲೇ ವ್ಯಾಯಾಮವನ್ನೂ ಬರೆದುಕೊಡಿ ಎಂದು ಕೇಳಿ: ಏನು, ಎಷ್ಟು, ವಾರಕ್ಕೆ ಎಷ್ಟು ದಿನ, ಯಾರಿಗೆ ತೋರಿಸಬೇಕು. ಬಾಯಿಮಾತಿನ ಸಲಹೆ ಆಸ್ಪತ್ರೆಯ ಗೇಟಿನಲ್ಲೇ ಉಳಿಯುತ್ತದೆ. ಬರೆದದ್ದು ಫೈಲಿನಲ್ಲಿ ಊರಿಗೆ ಬರುತ್ತದೆ, ತಾಲ್ಲೂಕು ಆಸ್ಪತ್ರೆಯವರೂ ಓದುತ್ತಾರೆ, ಆಶಾ ಕಾರ್ಯಕರ್ತೆಯೂ ಓದಬಲ್ಲರು.

ಅಷ್ಟರೊಳಗೆ ಊರಿಗೆ ಹೋದರೆ ಒಂದು ಸೀಮೆಸುಣ್ಣ ತೆಗೆದುಕೊಂಡು ಹೋಗಿ. ಅವ್ವನನ್ನು ಪಡಸಾಲೆಯ ಗೋಡೆಗೆ ಮುಖ ಮಾಡಿ ನಿಲ್ಲಿಸಿ. ಬಲಗೈಯ ಬೆರಳುಗಳು ಗೋಡೆಯ ಮೇಲೆ ಇರುವೆ ಹತ್ತಿದಂತೆ ಒಂದೊಂದಾಗಿ ಮೇಲೇರಲಿ. ಎಳೆತ ಅನಿಸುವಲ್ಲಿ, ನೋವು ಶುರುವಾಗುವ ಮೊದಲೇ ನಿಲ್ಲಲಿ. ಐದು ಉಸಿರು ಹಾಗೇ ಇದ್ದು ಇಳಿಸಲಿ. ಭುಜವನ್ನು ಕಿವಿಯ ಕಡೆ ಎತ್ತಿ ಮೋಸ ಮಾಡದಂತೆ ನೋಡಿಕೊಳ್ಳಿ. ಐದನೆಯ ಸಲ ಬೆರಳು ಮುಟ್ಟಿದ ಜಾಗಕ್ಕೆ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಹೊಸ ಗೆರೆ ಎಳೆಯಬೇಕು. ಎಡಗೈ ಎಲ್ಲಿ ಮುಟ್ಟುತ್ತದೋ ಅಲ್ಲಿಯೂ ಒಂದು ಗೆರೆ ಮೊದಲೇ ಹಾಕಿಡಿ, ಬಲಗೈ ಹೋಗಿ ಸೇರಬೇಕಾದ್ದು ಅಲ್ಲಿಗೆ. ಆರು ವಾರ ಕಳೆದರೂ ಗೆರೆ ಮೇಲೆ ಹೋಗದಿದ್ದರೆ ಗೋಡೆಯ ಫೋಟೋ ತೆಗೆದು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಅವರು ಕೈ ಹಿಡಿದು ನೋಡಬೇಕಾಗುತ್ತದೆ.